ಒಂಬತ್ತರ ಹುಡುಗ ರಾಜದ್ರೋಹಿಯಾದದ್ದು ಹೇಗೆ?

ಈಗ ಎಲ್ಲಿ ನೋಡಿದರೂ ಕೊರಿಯಾ ಧಾರಾವಾಹಿ. ಮುಂಬೈಗೆ ಬಂದು ಬೇರುಬಿಟ್ಟ ನಮ್ಮ ಕನ್ನಡದ ಮನೆಗಳಲ್ಲೂ ಅದೇ. ನೋಡಲಿ, ಬೇಡ ಅನ್ನೋದಿಲ್ಲ. ಆದರೆ ಅವುಗಳಲ್ಲಿ ಹೀರೋ ಆಗಿ ಮೆರೆಯುವ ಸೇನಾಪತಿ ಯಿ ಸೊಂಗ್ಗ್ಯೆ ಬಗ್ಗೆ ನನ್ನದೊಂದು ತಕರಾರಿದೆ.

ಗೊರ್ಯೊ ಅನ್ನೋದು 918ರಿಂದ 1392ರವರೆಗೆ ಇದ್ದ ವಾಂಗ್ ಮನೆತನದ ರಾಜ್ಯ. 1388ರಲ್ಲಿ ರಾಜ ಊ ಈ ಸೇನಾಪತಿಯನ್ನು ಚೀನಾದ ಮಿಂಗರ ಮೇಲೆ ದಂಡೆತ್ತಿ ಕಳಿಸಿದ. ಈತ ಯಾಲು ನದಿಯ ನಡುಗಡ್ಡೆಯಿಂದಲೇ ಸೈನ್ಯ ತಿರುಗಿಸಿ ರಾಜಧಾನಿಯನ್ನೇ ಹಿಡಿದ! ರಾಜನನ್ನು ಇಳಿಸಿ ಅವನ ಮಗ ಚಾಂಗನನ್ನು ಕೂರಿಸಿದರು. ಹುಡುಗ ಹುಟ್ಟಿದ್ದು 1380ರಲ್ಲಿ. ಹಾಲುಹಲ್ಲು ಬೀಳುವ ವಯಸ್ಸು.

1389ರಲ್ಲಿ, ಹಳೇ ರಾಜನನ್ನು ಮತ್ತೆ ತರುವ ಸಂಚು ನಡೆದಿದೆ ಅಂತ ಗುಲ್ಲೆದ್ದಿತು. ಕೂಡಲೇ ಒಂಬತ್ತು ಜನ ದೊಡ್ಡಮನುಷ್ಯರು ಬೌದ್ಧ ಮಂದಿರವೊಂದರಲ್ಲಿ ಸೇರಿ ತೀರ್ಪು ಕೊಟ್ಟರು. ಊ, ಚಾಂಗ್ ಇಬ್ಬರೂ ವಾಂಗ್ ರಕ್ತವಲ್ಲ, ಶಿನ್ ದೋನ್ ಎಂಬ ಭಿಕ್ಷುವಿನ ಸಂತಾನ. ಸುಳ್ಳನ್ನು ಇಳಿಸಿ ನಿಜವನ್ನು ಕೂರಿಸಬೇಕು ಅಂತ. ಸ್ವಲ್ಪ ದಿನದಲ್ಲೇ ಅಪ್ಪ, ಮಗ ಇಬ್ಬರನ್ನೂ ಕೊಂದರು.

ಬಿಕಾಂ ಓದಿ ಮೂವತ್ತು ವರ್ಷ ಬ್ಯಾಂಕಿನ ಲೆಡ್ಜರ್ ತಿರುವಿದವನು ನಾನು. ಆಕ್ಷೇಪಣೆ ಏನು ಅನ್ನೋದಕ್ಕಿಂತ ಮೊದಲು ಅದರ ತಾರೀಖು ನೋಡ್ತೇನೆ. ಊ ಪಟ್ಟಕ್ಕೆ ಬಂದದ್ದು 1374ರಲ್ಲಿ. ಹಿಂದಿನ ರಾಜ ಗೊಂಗ್ಮಿನ್ ತಾನೇ ಅವನನ್ನು ಮಗನೆಂದು ಒಪ್ಪಿದ್ದ. ಹದಿನಾಲ್ಕು ವರ್ಷ ಅವನ ಕೈಕೆಳಗೆ ದುಡಿದ ಸೇನಾಪತಿಗೆ ರಕ್ತದ ನೆನಪು ಈಗ ಬಂತೇ? ಅದೇ 1389ರಲ್ಲಿ ಚಾಂಗನ ಹೆಸರಿನಲ್ಲಿ ನೂರು ಹಡಗು ಕೊಂಡೊಯ್ದು ತ್ಸುಶಿಮಾದ ಕಡಲ್ಗಳ್ಳರ ಮುನ್ನೂರು ಹಡಗು ಸುಟ್ಟುಬಂದ ಪಾಕ್ ವಿ ಕೂಡ ಆ ಒಂಬತ್ತರಲ್ಲೊಬ್ಬ! ರಾಜ ಸುಳ್ಳಾದರೆ ಆ ಗೆಲುವು ಯಾರದು ಸ್ವಾಮಿ?

ಊನ ತಾಯಿ ಆ ಭಿಕ್ಷುವಿನ ಮನೆಯ ದಾಸಿ, 1388ರಲ್ಲೇ ಸೇನಾಪತಿ ವಾಂಗ್ ಮನೆತನದ ಬೇರೊಬ್ಬನನ್ನು ಕೂರಿಸಬೇಕೆಂದಿದ್ದ, ಜೊತೆಗಾರ ಚೊ ಮಿನ್ಸು ಕೇಳಲಿಲ್ಲ ಅಂತ ವಾದಿಸುವವರಿದ್ದಾರೆ. ಹಾಗೆ ಬರೆದಿಟ್ಟವರು ಯಾರು? ಗೆದ್ದವರೇ.

ಹೋಗಲಿ, ರಕ್ತವೇ ಮುಖ್ಯ ಅನ್ನೋಣ. ಚಾಂಗನ ಜಾಗಕ್ಕೆ ತಂದ ಗೊಂಗ್ಯಾಂಗ್ ಅಪ್ಪಟ ವಾಂಗ್. ಅವನಾದರೂ ಉಳಿಯಬೇಕಿತ್ತಲ್ಲ? 1392ರಲ್ಲಿ ಅವನನ್ನೂ ಇಳಿಸಿದರು, 1394ರಲ್ಲಿ ಕೊಂದರು. ಸಿಂಹಾಸನ ಏರಿದ್ದು ವಾಂಗ್ ಮನೆತನದವನೇ ಅಲ್ಲದ ಅದೇ ಸೇನಾಪತಿ. ಲೆಕ್ಕ ತಾಳೆಯಾಯಿತಲ್ಲ?

ನನಗೆ ನಿಜಕ್ಕೂ ಹೊಟ್ಟೆ ಉರಿಯೋದು ಮುಂದಿನದಕ್ಕೆ. ಹೊಸ ವಂಶದವರು ಬರೆಸಿ 1451ರಲ್ಲಿ ಮುಗಿಸಿದ ‘ಗೊರ್ಯೊಸಾ’ ಎಂಬ ಇತಿಹಾಸದಲ್ಲಿ, ರಾಜರ ಭಾಗದಲ್ಲಿ ಚಾಂಗನಿಗೆ ಜಾಗವೇ ಇಲ್ಲ. ಮನೆತನದ ಹೆಸರನ್ನೂ ಬದಲಿಸಿ, ‘ಶಿನ್ ಚಾಂಗ್’ ಅಂತ ರಾಜದ್ರೋಹಿಗಳ ಸಾಲಿಗೆ ತಳ್ಳಿದ್ದಾರೆ. ಪ್ರಾಣ ತೆಗೆದದ್ದು ಸಾಲದೆ ಖಾತೆಯನ್ನೇ ಬದಲಿಸಿಬಿಟ್ಟರು.

ಅವನು ಯಾರ ಮೊಮ್ಮಗ ಅಂತ ಇವತ್ತು ಯಾರೂ ಸಾಬೀತು ಮಾಡಲಾರರು. ಸಾಬೀತಾಗದ್ದನ್ನು ಸಾಬೀತಾದಂತೆ ಬರೆದರೆ ಅದು ಇತಿಹಾಸವಲ್ಲ, ರಶೀದಿ ಇಲ್ಲದ ಲೆಕ್ಕ. ಅವರು ಹೇಳಿದ್ದೇ ನಿಜ ಅಂತಿಟ್ಟುಕೊಂಡರೂ, ಒಂಬತ್ತರ ಆ ಹುಡುಗ ಯಾರಿಗೆ ಏನು ದ್ರೋಹ ಮಾಡಿದ್ದ? ನೀವೇ ಹೇಳಿ.