ಕಬ್ಬಿಗೆ ಕೇಳದ ಕುಲ ಹಾಡಿಯವನಿಗೇಕೆ?

ಸಂತೆಮಾಳದಲ್ಲಿ, ಹೋಟೆಲಿನ ಬೆಂಚಿನ ಮೇಲೆ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಈಚೆಗೆ ಒಂದು ಮಾತು ಬಹು ಸಲೀಸಾಗಿ ಓಡಾಡುತ್ತಿದೆ. ಯಾರು ಮೂಲದವರು, ಯಾರು ವಲಸೆ ಬಂದವರು ಎಂಬುದು ರಕ್ತಪರೀಕ್ಷೆಯಿಂದ ಇತ್ಯರ್ಥವಾಗಿಹೋಗಿದೆಯಂತೆ! ಒಬ್ಬ ಮಹಾಶಯರು ಹೇಳುತ್ತಾರೆ: ಹಾಡಿಯ ಜನ ಅರವತ್ತು ಸಾವಿರ ವರ್ಷದಿಂದ ಕದಲದೆ ಕುಳಿತ ಶುದ್ಧ ಮೂಲಜನ, ಅವರನ್ನು ಹಾಗೆಯೇ ಕಾಪಿಡಬೇಕು. ಇನ್ನೊಬ್ಬರ ವಾದ: ಅವರೂ ಎಲ್ಲಿಂದಲೋ ಬಂದವರೇ ಅಲ್ಲವೆ, ಕಾಡಿನ ಮೇಲೆ ಅವರಿಗೇನು ವಿಶೇಷ ಹಕ್ಕು? ಮಾತು ಎರಡು ಬಾಯಿಂದ ಹೊರಟರೂ ಸೇರುವ ಊರು ಒಂದೇ. ಹುಣಸೂರು, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣದ ಜೇನುಕುರುಬನ, ಬೆಟ್ಟಕುರುಬನ, ಯರವನ ಕೈಗೆ ಹಕ್ಕುಪತ್ರ ಬಾರದಿರುವ ಊರು ಅದು.

ಆ ವಿಜ್ಞಾನವಾದರೂ ಏನು ಹೇಳುತ್ತದೆ? ನಾವು ಅದಕ್ಕೆ ಹೆದರುವವರಲ್ಲ, ನೋಡಿಯೇ ಬಿಡೋಣ.

ಮನುಷ್ಯರ ವಲಸೆಯ ಕಥೆಗಳಲ್ಲಿ ಎಲ್ಲಕ್ಕಿಂತ ದೊಡ್ಡವುಗಳಲ್ಲಿ ಒಂದು ಆಸ್ಟ್ರೋನೇಷಿಯನ್ ಭಾಷೆಗಳನ್ನಾಡುವ ಜನರದು. ಸುಮಾರು 5000 ವರ್ಷಗಳ ಹಿಂದೆ ತೈವಾನ್ ದ್ವೀಪದ ಕಡೆಯಿಂದ ದೋಣಿ ಹತ್ತಿದ ಬೇಸಾಯಗಾರರ ಮಕ್ಕಳು ಫಿಲಿಪ್ಪೀನ್ಸ್, ಇಂಡೋನೇಷ್ಯಾ ದಾಟಿ ಪೆಸಿಫಿಕ್ ಸಾಗರದ ನಡುಮಧ್ಯಕ್ಕೆ ಹೋದರು. ಇನ್ನೊಂದು ಕವಲು ನಮ್ಮ ಹಿಂದೂ ಮಹಾಸಾಗರವನ್ನೇ ದಾಟಿ ಆಫ್ರಿಕದ ಪಕ್ಕದ ಮಡಗಾಸ್ಕರ್ ಮುಟ್ಟಿತು. ಇಂದಿಗೂ ಮಡಗಾಸ್ಕರಿನ ಮಾತಿಗೆ ತೀರ ಹತ್ತಿರದ ನೆಂಟತನವಿರುವುದು ಬೋರ್ನಿಯೋದ ಒಂದು ನದೀತೀರದ ಮಾತಿಗೆ. ಆದರೆ ಆ ಜನರ ಮೈಯಲ್ಲಿ ಹರಿಯುವ ರಕ್ತವೋ? ಹೆಚ್ಚುಕಡಮೆ ಅರ್ಧ ಏಷ್ಯಾದ್ದು, ಅರ್ಧ ಆಫ್ರಿಕದ್ದು. 2016ರಲ್ಲಿ ವನುವಾಟು ಮತ್ತು ಟೋಂಗಾ ದ್ವೀಪಗಳ ಸುಮಾರು ಮೂರು ಸಾವಿರ ವರ್ಷದ ಹಳೆಯ ಅಸ್ಥಿಗಳನ್ನು ಪರೀಕ್ಷಿಸಿದಾಗ ಇನ್ನೂ ವಿಚಿತ್ರವೊಂದು ಹೊರಬಿತ್ತು. ಮೊದಲು ಬಂದವರಲ್ಲಿ ನ್ಯೂಗಿನಿ ಕಡೆಯ ರಕ್ತ ಇರಲಿಲ್ಲವೆನ್ನುವಷ್ಟು ಕಡಮೆ. ಆಮೇಲೆ ಆ ಕಡೆಯ ಜನ ಬಂದು ತುಂಬಿಕೊಂಡರು. ಹೀಗೆ ವನುವಾಟುವಿನಲ್ಲಿ ರಕ್ತ ಬಹುಪಾಲು ಬದಲಾಯಿತು, ಮಾತು ಮಾತ್ರ ಹಳೆಯದೇ ಉಳಿಯಿತು. ಭಾಷೆಯೇ ಕುಲ, ಕುಲವೇ ರಕ್ತ, ರಕ್ತವೇ ನೆಲ ಎಂದು ಲೆಕ್ಕ ಹಾಕುವ ನಮ್ಮ ಪಂಡಿತರು ಆ ದ್ವೀಪದಲ್ಲಿ ಯಾರನ್ನು ಮೂಲನಿವಾಸಿ ಎನ್ನುತ್ತಾರೆ, ಯಾರನ್ನು ದೋಣಿ ಹತ್ತಿಸಿ ವಾಪಸು ಕಳುಹಿಸುತ್ತಾರೆ?

ನಮ್ಮ ದೇಶದ ಮಾತು ಬೇರೆ ಎನ್ನುವವರಿಗೂ ಉತ್ತರವುಂಟು. ಹೈದರಾಬಾದಿನ ಪ್ರಯೋಗಾಲಯದ ವಿಜ್ಞಾನಿಗಳೂ ಸೇರಿ 2009ರಲ್ಲಿ ಒಂದು, 2013ರಲ್ಲಿ ಇನ್ನೊಂದು ಪರಿಶೀಲನೆ ಪ್ರಕಟಿಸಿದರು. ಎರಡನೆಯದರಲ್ಲಿ ಪರೀಕ್ಷಿಸಿದ್ದು 73 ಜನವರ್ಗಗಳನ್ನು. ಅಂಡಮಾನಿನ ಓಂಗೆಗಳಂಥವರನ್ನು ಬಿಟ್ಟರೆ, ಮೇಲುಜಾತಿ ಕೆಳಜಾತಿ ಗಿರಿಜನ ಎನ್ನದೆ ಹೆಚ್ಚುಕಡಮೆ ಎಲ್ಲರೂ ಬೆರಕೆ. ಸುಮಾರು 4200 ವರ್ಷದಿಂದ 1900 ವರ್ಷದ ಹಿಂದಿನವರೆಗೆ ಧಾರಾಳವಾಗಿ ಬೆರೆತರು. ಆಮೇಲೆ ಹೆಣ್ಣು ಕೊಟ್ಟು ತರುವ ಬಾಗಿಲು ಮುಚ್ಚಿಕೊಂಡರು. ಬಾಗಿಲು ಮುಚ್ಚಿದವರ ಮೊಮ್ಮಕ್ಕಳು ಈಗ ಒಳಗೆ ಕುಳಿತು ಶುದ್ಧಿಯ ಮಾತಾಡುತ್ತಿದ್ದಾರೆ. ಮದರಾಸು ಮ್ಯೂಸಿಯಮ್ಮಿನ ಥರ್ಸ್ಟನ್ ಸಾಹೇಬರು ನೂರು ವರ್ಷದ ಹಿಂದೆ ಅಳತೆಕಡ್ಡಿ ಹಿಡಿದು ಜನರ ಮೂಗು ಅಳೆದು 1909ರಲ್ಲಿ ಏಳು ಸಂಪುಟ ಅಚ್ಚು ಹಾಕಿಸಿದರು. ಈಗ ಮೂಗು ಹೋಗಿ ಎಂಜಲು ಬಂದಿದೆ. ಅಳೆಯುವ ಚಪಲ ಹೋಗಿಲ್ಲ.

ಗಿರಣಿಯ ಸೋದರರೇ, ನಿಮ್ಮ ಕೈಯಲ್ಲಿರುವ ಪದಾರ್ಥವನ್ನೇ ಸ್ವಲ್ಪ ವಿಚಾರಿಸೋಣ. ಚುಂಚನಕಟ್ಟೆಯ ಕಾರ್ಖಾನೆ ಅರೆಯುವ ಕಬ್ಬು ಯಾವ ಊರಿನದು? ಕಾವೇರಿಯ ಎಡದಂಡೆಯದೋ, ಬಲದಂಡೆಯದೋ? ಅಲ್ಲ. ರಸದಾಳಿಯಂಥ ದಪ್ಪ ಕಬ್ಬನ್ನು ಮೊದಲು ಪಳಗಿಸಿದ್ದು ನ್ಯೂಗಿನಿಯಲ್ಲಿ; ಅದನ್ನು ದ್ವೀಪದಿಂದ ದ್ವೀಪಕ್ಕೆ ಹೊತ್ತು ತಿರುಗಿದವರಲ್ಲಿ ಮುಖ್ಯರು ಮೇಲೆ ಹೇಳಿದ ದೋಣಿಯ ಜನರೇ. ನಮ್ಮ ದೇಶದ ಹಳೆಯ ಸಣ್ಣ ಕಬ್ಬೂ ಆ ಕಬ್ಬು ಇಲ್ಲಿಯ ಕಾಡುಹುಲ್ಲಿನೊಡನೆ ಕೂಡಿ ಹುಟ್ಟಿದ್ದು. ದಪ್ಪ ಕಬ್ಬಿನಲ್ಲಿ ಸಿಹಿಯಿತ್ತು, ಕಸುವಿರಲಿಲ್ಲ. 1912ರಲ್ಲಿ ಕೊಯಮತ್ತೂರಿನಲ್ಲಿ ತೆರೆದ ಕಬ್ಬಿನ ತಳಿ ಕೇಂದ್ರದವರು ಮತ್ತೆ ಅದನ್ನು ಕಾಡುಕಬ್ಬಿನೊಡನೆ ಬೆರೆಸಿದ ಮೇಲೆಯೇ ದೇಶದ ಗಿರಣಿಗಳ ಗಾಲಿ ಸರಿಯಾಗಿ ತಿರುಗಿದ್ದು. ಗದ್ದೆಯಲ್ಲಿ ಬೆರಕೆಗೆ ಹೆಚ್ಚು ಬೆಲೆ ಕೇಳುವ ಯಜಮಾನರು ಜಗಲಿಗೆ ಬಂದ ಕೂಡಲೆ ಶುದ್ಧಿವಾದಿಗಳಾಗುವುದು ನಮಗಂತೂ ಅರ್ಥವಾಗದ ಸೋಜಿಗ.

ಅಂಗಡಿಯವರ ಪೆಟ್ಟಿಗೆಯನ್ನೂ ತೆರೆಯಬಹುದು. ಅಡಿಕೆ ಆಗ್ನೇಯ ಏಷ್ಯಾದ್ದು. ಹುಣಸೂರು, ಪಿರಿಯಾಪಟ್ಟಣದ ಮಾರುಕಟ್ಟೆಗೆ ಹೆಸರು ತಂದ ಹೊಗೆಸೊಪ್ಪು ಅಮೆರಿಕದ್ದು. ಮೈಸೂರಿನ ಹೆಮ್ಮೆಯಾದ ಶ್ರೀಗಂಧವೂ ಪೂರ್ವ ಇಂಡೋನೇಷ್ಯಾದ ದ್ವೀಪಗಳಿಂದ ಬಂದದ್ದೆಂದು ಹಲವು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಬಳ್ಳಾರಿಯ ಸಂಗನಕಲ್ಲಿನಲ್ಲಿ ಮೂರು ಸಾವಿರ ವರ್ಷಕ್ಕೂ ಹಳೆಯ ಗಂಧದ ಇದ್ದಿಲು ಸಿಕ್ಕಿದೆ. 1961ರಿಂದ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟಿನವರ ಕಾಸು ಪಿರಿಯಾಪಟ್ಟಣದ ವರ್ತಕನ ಗಲ್ಲಾಕ್ಕೆ ಬೀಳುವಾಗ ಯಾರೂ ಅದರ ಗೋತ್ರ ಕೇಳಿದ್ದನ್ನು ನಾವು ಕಾಣೆವು. ಕೃಷ್ಣರಾಜನಗರವೇ ಕಾವೇರಿಯ ಪ್ರವಾಹಕ್ಕೆ ಬೆದರಿ ಎಡತೊರೆಯಿಂದ ಎದ್ದುಬಂದ ವಲಸೆಯ ಊರಲ್ಲವೆ! ಚುಂಚನಕಟ್ಟೆಯ ಕಾರ್ಖಾನೆ ವರ್ಷಗಟ್ಟಲೆ ಬೀಗ ಹಾಕಿಕೊಂಡು ನಿಂತಾಗಲೂ ಹಸಿವು ಮೂಲ-ವಲಸೆ ಎಂದು ಮನೆ ನೋಡಿ ಹೊಕ್ಕಲಿಲ್ಲ.

ಹಾಗಾದರೆ ಈ ಪ್ರಶ್ನೆ ಹಾಡಿಯವನಿಗೆ ಮಾತ್ರ ಏಕೆ? ಕಾರಣ ರಕ್ತದಲ್ಲಿಲ್ಲ, ನೆಲದಲ್ಲಿದೆ. ನಾಗರಹೊಳೆ 1955ರಲ್ಲಿ ಮೃಗಧಾಮವಾಯಿತು, ಆಮೇಲೆ ರಾಷ್ಟ್ರೀಯ ಉದ್ಯಾನ, ಆಮೇಲೆ ಹುಲಿ ಮೀಸಲು. ಪ್ರತಿ ಸಲ ಬೋರ್ಡು ಬದಲಾದಾಗಲೂ ಹಾಡಿ ಹೊರಕ್ಕೆ ಜರುಗಿತು. ಕೋಟೆ ಸೀಮೆಯಲ್ಲಿ ಕಬಿನಿಯ ಹಿನ್ನೀರು ಬೇರೆ. ಹೈಕೋರ್ಟು ನೇಮಿಸಿದ ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ವರದಿ ಕೊಟ್ಟು, ನಾಗರಹೊಳೆಯಿಂದ ಹೊರಬಿದ್ದ ಕುಟುಂಬಗಳು 3,418 ಎಂದು ಎಣಿಸಿತು. ಅದೇ ಕಾಡಿನೊಳಗೆ ಶ್ರೀಮಂತರ ಮೋಜಿಗೆ ದೊಡ್ಡ ಹೋಟೆಲು ಎದ್ದಾಗ ಅದನ್ನು ತಡೆದವರು ಇದೇ ಆದಿವಾಸಿಗಳು; 1997ರಲ್ಲಿ ಹೈಕೋರ್ಟು ಅವರ ಪಕ್ಷಕ್ಕೆ ನ್ಯಾಯ ಹೇಳಿತು. ಆ ಹೋಟೆಲಿನವರು ಎಷ್ಟು ಸಾವಿರ ವರ್ಷದಿಂದ ಕಾಡಿನಲ್ಲಿದ್ದರೆಂದು ಗುತ್ತಿಗೆ ಕೊಡುವಾಗ ಯಾರಾದರೂ ಪರೀಕ್ಷೆ ಮಾಡಿಸಿದ್ದರೆ?

ಮೂಲನಿವಾಸಿಯೆಂಬ ಬಿರುದನ್ನು ನೆಚ್ಚಿ ಕೂರಿರೆಂದು ನಾವು ಹಾಡಿಯವರಿಗೂ ಹೇಳೆವು. ಇಂದು ಒಂದು ಪರೀಕ್ಷೆ ಕೊಟ್ಟ ಬಿರುದನ್ನು ನಾಳೆ ಇನ್ನೊಂದು ಪರೀಕ್ಷೆ ಕಸಿದೀತು. 2006ರ ಅರಣ್ಯ ಹಕ್ಕು ಕಾಯಿದೆ ಅದನ್ನು ಕೇಳುವುದೂ ಇಲ್ಲ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿ ಬಾಳಿ, ಅದನ್ನೇ ನೆಚ್ಚಿದ್ದರೆ ಸಾಕು. ಹೊರದಬ್ಬಿಸಿಕೊಂಡವರಿಗೂ, ಪರಿಹಾರವಿಲ್ಲದೆ ದಬ್ಬಿದ್ದರೆ, ಅದರಲ್ಲಿ ಜಾಗವುಂಟು. ಸಾಕ್ಷ್ಯವೇನು? ಊರ ಹಿರಿಯರ ಮಾತು, ಬಾವಿ, ಸ್ಮಶಾನ, ದೇವರ ಜಾಗ ಇವೆಲ್ಲ ನಿಯಮದಲ್ಲೇ ಬರೆದಿರುವ ಸಾಕ್ಷ್ಯಗಳು. 2025ರ ಮೇ ತಿಂಗಳಲ್ಲಿ ಐವತ್ತರಷ್ಟು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ನಡೆದುಹೋಗಿ ಇದು ನಮ್ಮ ಹಾಡಿ ಎಂದು ಗುಡಿಸಲು ಹೂಡಿದಾಗ ಬೇಡಿದ್ದೂ ಇದನ್ನೇ.

ಅರ್ಜಿಯನ್ನು ಮೊದಲು ತೂಗಿ ನೋಡಬೇಕಾದುದು ಗ್ರಾಮಸಭೆ. ಅದು ಸೇರುವ ದಿನ ಹಾಡಿಯ ಮುದುಕರು ತಮ್ಮ ಹಿರಿಯರ ಗೋರಿ ಯಾವ ಮರದ ಬುಡದಲ್ಲಿದೆಯೆಂದು ಹೇಳಲಿ, ಬರೆಯಬಲ್ಲ ಯಾರಾದರೂ ಬರೆದುಕೊಳ್ಳಲಿ. ನಮ್ಮ ಗಿರಣಿಯ ಹುಡುಗರಲ್ಲಿ, ಅಂಗಡಿಯ ಲೆಕ್ಕ ಬರೆಯುವವರಲ್ಲಿ ಅಷ್ಟು ಅಕ್ಷರ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ.