ಗೆಳತಿಯ ಮನೆಗೆ ಹೋಗಲು ಕಾರಣ ಬೇಕೆ?

“ಈ ವಯಸ್ಸಿನಲ್ಲಿ ಎಂಥ ಗೆಳತಿ ರೀ, ಟೀಚರ್?” ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ತಾವು ಮಾತ್ರ ದಿನಾ ಸಂಜೆ ಗೆಳೆಯರೊಂದಿಗೆ ಹೋಟೆಲಿನಲ್ಲಿ ಹರಟುತ್ತಾರೆ. ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ನಾನೂ ಅವಳೂ ಎಸ್ಸೆಸ್ಸೆಲ್ಸಿವರೆಗೆ ಒಂದೇ ಬೆಂಚು. ನಾನು ಓದು ಮುಂದುವರಿಸಿದೆ, ಅವಳಿಗೆ ಮದುವೆಯಾಯಿತು. ಆಮೇಲೆ ಭೇಟಿಯಾದದ್ದೆಲ್ಲ ಯಾರದೋ ಮದುವೆ, ಯಾರದೋ ತಿಥಿಯ ನೆಪದಲ್ಲೇ. ನನಗೆ ಸಂಬಳವಿತ್ತು, ಅವಳು ಬಸ್ ಚಾರ್ಜಿಗೂ ಗಂಡನ, ಆಮೇಲೆ ಮಗನ ಕೈ ನೋಡಬೇಕಿತ್ತು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. “ಪುಕ್ಕಟೆ ಬಸ್ಸೆಂದು ಹೆಂಗಸರು ಸುಮ್ಮಸುಮ್ಮನೆ ತಿರುಗುತ್ತಾರೆ” ಎಂಬ ಗೊಣಗಾಟವೂ ಬಂತು. ಹೌದು ಸ್ವಾಮಿ, ಸುಮ್ಮನೆಯೇ ತಿರುಗುತ್ತೇವೆ. ಅವಳೀಗ ಆಧಾರ್ ಕಾರ್ಡ್ ತೋರಿಸಿ, ಯಾರನ್ನೂ ಕೇಳದೆ ಬರುತ್ತಾಳೆ. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ, ಮಂಡಿನೋವಿನ ಮಾತು ಮುಗಿದ ಮೇಲೆ, ಮಕ್ಕಳಿಗೆ ಹೇಳಲಾಗದ್ದು ಹೊರಬರುತ್ತದೆ. ಬರುವ ಭಾನುವಾರ ನನ್ನ ಸರದಿ.