ದೀಪದ ಬೆಳಕು ಸ್ಥಿರವೆ?

ದೀಪವನ್ನು ಕೊಳ್ಳುವಾಗ ನಾವು ಅದರ ಬೆಳಕೆಷ್ಟು, ವಿದ್ಯುತ್ತಿನ ಉಳಿತಾಯವೆಷ್ಟು ಎಂದು ವಿಚಾರಿಸುತ್ತೇವೆ. ಬೆಳಕು ಸ್ಥಿರವಾಗಿದೆಯೆ ಎಂದು ಮಾತ್ರ ಕೇಳುವುದಿಲ್ಲ. ಈ ಮೂರನೆಯ ಪ್ರಶ್ನೆಯನ್ನೂ ಕೇಳಲೇಬೇಕು, ಅದಕ್ಕೆ ಉತ್ತರವನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬಲ್ಲರು ಎಂಬುದು ನಮ್ಮ ಅಭಿಪ್ರಾಯ.

ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು 1905ರ ಆಗಸ್ಟ್ 5ರಂದು, ಶಿವನಸಮುದ್ರದ ವಿದ್ಯುತ್ತಿನಿಂದ. ಇಂದು ನಮಗೆ ಒದಗುವ ಪರ್ಯಾಯ ಪ್ರವಾಹವು ಸೆಕೆಂಡಿಗೆ 50 ಆವರ್ತನೆಗಳುಳ್ಳದ್ದು. ಪ್ರತಿಯೊಂದು ಆವರ್ತನೆಯಲ್ಲಿಯೂ ಅದು ಎರಡು ಸಲ ಶೂನ್ಯಕ್ಕಿಳಿಯುವುದರಿಂದ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯಬಲ್ಲುದು. ಹಳೆಯ ಬಲ್ಬಿನ ಕಾದ ತಂತಿ ಅಷ್ಟರೊಳಗೆ ತಣಿಯದು; ಆದುದರಿಂದ ಅದರ ಏರಿಳಿತ ಅಲ್ಪ. ಎಲ್‌ಇಡಿಯಾದರೋ ಪ್ರವಾಹವನ್ನು ತತ್‌ಕ್ಷಣವೇ ಅನುಸರಿಸುವುದು. ಪ್ರವಾಹವನ್ನು ಸಮಗೊಳಿಸುವ ಒಳಗಿನ ಮಂಡಲ ಉತ್ತಮವಾಗಿದ್ದರೆ ಬೆಳಕು ಸ್ಥಿರ, ಕಳಪೆಯಾಗಿದ್ದರೆ ಚಂಚಲ.

ಪರೀಕ್ಷೆಗೆ ಒಂದು ಚಿಕ್ಕ ಕನ್ನಡಿ, ಒಂದು ಪೆನ್ಸಿಲು ಸಾಕು. ಕನ್ನಡಿಯನ್ನು ಪೆನ್ಸಿಲಿನ ಉದ್ದಕ್ಕೆ ಅಂಟಿಸಿರಿ. ರಾತ್ರಿ ವಿದ್ಯಾರಣ್ಯಪುರದ ಯಾವುದಾದರೂ ಮಾಳಿಗೆಯ ಮೇಲೆ ನಿಂತು, ಪೆನ್ಸಿಲನ್ನು ನೆಟ್ಟಗೆ ಹಿಡಿದು, ದೂರದ ಬೀದಿದೀಪದ ಪ್ರತಿಬಿಂಬವನ್ನು ನೋಡುತ್ತ ಚುರುಕಾಗಿ ಹೊರಳಿಸಿರಿ. ಸ್ಥಿರವಾದ ಬೆಳಕು ಅಖಂಡವಾದ ಗೆರೆಯಾಗಿ ಕಾಣುವುದು. ಚಂಚಲವಾದುದು ಮಣಿಸರದಂತೆ ಬಿಡಿಬಿಡಿಯಾಗಿ ತೋರುವುದು. ಕನ್ನಡಿ ತಿರುಗಿದ ಕೋನದ ಎರಡರಷ್ಟು ಕಿರಣ ತಿರುಗುವುದರಿಂದ, ಸೆಕೆಂಡಿಗೆ ಒಂದು ಸುತ್ತಿನ ವೇಗದಲ್ಲಿ ಮಣಿಯಿಂದ ಮಣಿಗೆ 7.2 ಡಿಗ್ರಿ ಅಂತರವಿರುವುದು. ಹೋಲಿಕೆಗೆ ಗಾಳಿಯಿಲ್ಲದೆಡೆ ಹಣತೆಯೊಂದನ್ನು ಹಚ್ಚಿಡಬಹುದು. ಸೂರ್ಯನ ಕಡೆಗೆ ಮಾತ್ರ ಕನ್ನಡಿಯನ್ನು ಎಂದಿಗೂ ತಿರುಗಿಸಬಾರದು. ಇದು ಆಟಿಕೆಯೆಂದು ಅಲ್ಲಗಳೆಯಬೇಡಿರಿ: 1834ರಲ್ಲಿ ವೀಟ್‌ಸ್ಟನ್ ಎಂಬ ವಿಜ್ಞಾನಿ ತಂತಿಯಲ್ಲಿ ವಿದ್ಯುತ್ತಿನ ವೇಗವನ್ನು ಅಳೆಯಲೆತ್ನಿಸಿದುದು ತಿರುಗುವ ಕನ್ನಡಿಯಿಂದಲೇ.

ಕಣ್ಣಿಗೆ ಕಾಣದ ಏರಿಳಿತದಿಂದ ಕೇಡೇನು ಎಂದು ಕೆಲವರು ಕೇಳಬಹುದು. ವಿದ್ಯಾರಣ್ಯಪುರದ ನೆರೆಯಲ್ಲಿಯೇ ಪೀಣ್ಯದ ಯಂತ್ರಶಾಲೆಗಳಿವೆ. ಲೇತಿನ ಮೂರು ದವಡೆಗಳ ಚಕ್ಕು ನಿಮಿಷಕ್ಕೆ 2000 ಸುತ್ತು ತಿರುಗುವಾಗ, ಸೆಕೆಂಡಿಗೆ 100 ಸಲ ಮಿನುಗುವ ಬೆಳಕಿನಲ್ಲಿ ಅದು ನಿಂತಂತೆಯೇ ಕಾಣಬಹುದು. ನಿಂತಿತೆಂದು ನಂಬಿ ಕೈಯಿಟ್ಟವನ ಗತಿಯೇನು? ಇಂಗ್ಲೆಂಡಿನ ಕಛೇರಿಯೊಂದರ ಕೆಲಸಗಾರರನ್ನು ಕುರಿತು 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಿನುಗುವ ಕೊಳವೆದೀಪಗಳ ಬದಲು ಸ್ಥಿರವಾದವನ್ನು ಅಳವಡಿಸಿದಾಗ ತಲೆನೋವು, ಕಣ್ಣಿನ ಆಯಾಸಗಳು ಅರ್ಧಕ್ಕಿಂತ ಕಡಿಮೆಯಾದುವು.

ಈ ಕನ್ನಡಿ ಏರಿಳಿತ ಉಂಟೆಂದು ತಿಳಿಸುವುದೇ ಹೊರತು, ಅದು ಎಷ್ಟೆಂದು ಅಳೆಯಲಾರದು. ಅಳತೆ ತಯಾರಕರ ಹೊಣೆ. ದೀಪದ ಪೆಟ್ಟಿಗೆಯ ಮೇಲೆ ವ್ಯಾಟಿನಂತೆಯೇ ಬೆಳಕಿನ ಏರಿಳಿತದ ಪ್ರಮಾಣವನ್ನೂ ಅಚ್ಚುಹಾಕುವುದು ಕಡ್ಡಾಯವಾಗಬೇಕು. ಆದರೆ ಕೇಳದವರಿಗೆ ಯಾರೂ ಕೊಡುವುದಿಲ್ಲ. ವಿದ್ಯಾರ್ಥಿಗಳು ಮೊದಲು ತಾವು ಓದುವ ದೀಪವನ್ನೂ ಆಮೇಲೆ ತಮ್ಮ ಶಾಲೆಯ ಕಾರ್ಯಾಗಾರದ ದೀಪಗಳನ್ನೂ ಪರೀಕ್ಷಿಸಿ, ಕಂಡುದನ್ನು ಬರೆದಿಡಲಿ. ಪ್ರಶ್ನೆ ಕೇಳುವ ಅಧಿಕಾರ ಹೀಗೆ ನೋಡಿ ತಿಳಿದವರದು.